ಅಶ್ವತ್ಥಮ್ಮನ ಕೊಸರು

ಲಕ್ವ ಹೊಡೆದು ಬಲಗೈ ಬಿದ್ದುಹೋದ ಮೇಲೆ ಅಶ್ವತ್ಥಮ್ಮ ಯಾರಿಗೂ ಏನನ್ನೂ ಕೊಟ್ಟಿರಲಿಲ್ಲ. ಹಾಗಂತ ಜಿಪುಣಿ ಅಂದುಕೊಳ್ಳಬೇಡಿ. ಕ್ಯಾಸಂಬಳ್ಳಿ ಪಕ್ಕದ ಅವಳ ಹಳ್ಳಿಯಲ್ಲಿ ಹೆಪ್ಪು ಬೇಕಾದವರೆಲ್ಲ ಲೋಟ ಹಿಡಿದು ಬರುತ್ತಿದ್ದುದು ಅವಳ ಬಾಗಿಲಿಗೇ. ಈಗಲೂ ಬರುತ್ತಿದ್ದರು. ಆದರೆ ಅಶ್ವತ್ಥಮ್ಮ ಜಗಲಿಯ ಮೇಲೆ ಕೂತಲ್ಲಿಂದಲೇ ಸೊಸೆಯನ್ನು ಕೂಗುತ್ತಿದ್ದಳು. ಸೊಸೆ ಕೊಟ್ಟಿಗೆಯಲ್ಲಿದ್ದರೆ ಬಂದವರು ಕಾಯಬೇಕು. "ನೀನೇ ಎಡಗೈಲಿ ಒಂದು ಚಮಚ ಆಕ್ಬುಡಮ್ಮೋ, ಏನಾಯ್ತದೆ?" ಅಂದವರನ್ನು ಅವಳು ನೋಡುತ್ತಿದ್ದ ನೋಟಕ್ಕೆ ಹೆಪ್ಪಿಲ್ಲದೆಯೇ ಹಾಲು ಹೆಪ್ಪುಗಟ್ಟಬೇಕು.

ಎಡಗೈಯಲ್ಲಿ ಕೊಡುವುದೂ ಒಂದೇ, ಬೈದು ಕಳಿಸುವುದೂ ಒಂದೇ ಅನ್ನುವ ಕಾಲದವಳು ಅವಳು. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಅನ್ನುತ್ತಾರಲ್ಲ, ಅವಳ ಎಡಗೈಗೆ ಪಾಪ ಇಷ್ಟು ವರ್ಷ ನಿಜಕ್ಕೂ ಏನೂ ತಿಳಿದಿರಲಿಲ್ಲ. ಯುಗಾದಿ ಕಳೆದ ಮೇಲೆ ಒಂದು ಬೆಳಗ್ಗೆ ಹಾಲು ಕರೆಯುತ್ತ ಕರೆಯುತ್ತ ಹಸುವಿನ ಪಕ್ಕಕ್ಕೇ ವಾಲಿಬಿಟ್ಟಿದ್ದಳು. ಆಮೇಲೆ ಕಾಲು ಬಂತು, ಬಾಯಿ ಬಂತು. ಬಾಯಿ ಎಲ್ಲಕ್ಕಿಂತ ಮೊದಲು ಬಂತು ಅನ್ನುತ್ತಾನೆ ಮಗ ಮುನಿರಾಜು. ಕೈ ಮಾತ್ರ ಎದೆಯ ತನಕ ಎದ್ದು, ಮುಷ್ಟಿ ಮುದುಡಿಕೊಂಡು, ಮತ್ತೆ ಮಡಿಲಿಗೆ ಬೀಳುತ್ತಿತ್ತು.

ಬೇರೆ ಯಾರಿಗೆ ಕೊಡದಿದ್ದರೂ ಅವಳು ಸಹಿಸುತ್ತಿದ್ದಳೇನೋ. ಊರಿಗಾಂನ ಕುಪ್ಪಮ್ಮಾಳ್‌ಗೆ ಕೊಡಲಾಗಲಿಲ್ಲ ಅನ್ನುವುದೇ ಅವಳನ್ನು ತಿನ್ನುತ್ತಿತ್ತು. ಕೆಜಿಎಫ್‌ನ ಚಿನ್ನದ ಗಣಿ ನಡೆಯುತ್ತಿದ್ದ ಕಾಲದಲ್ಲಿ ಅಶ್ವತ್ಥಮ್ಮ ಊರಿಗಾಂ ಲೈನಿನಲ್ಲಿ ಮೊಸರು ಮಾರಿದವಳು. ಲೈನು ಅಂದರೆ ಗಣಿ ಕಾರ್ಮಿಕರ ಸಾಲುಮನೆಗಳು. ಅಲ್ಲಿನ ನೀಲಿ ಬಾಗಿಲಿನ ಮನೆಯವಳು ಕುಪ್ಪಮ್ಮಾಳ್. ಗಣಿ ಮುಚ್ಚಿ, ವ್ಯಾಪಾರ ನಿಂತು, ಲೈನಿನ ಅರ್ಧ ಜನ ಊರು ಬಿಟ್ಟ ಮೇಲೂ ಹಬ್ಬ ಹುಣ್ಣಿಮೆ ಅಂತ ನೆಪ ಮಾಡಿಕೊಂಡು ಅಶ್ವತ್ಥಮ್ಮ ಒಂದು ಗಡಿಗೆ ಮೊಸರು ಹೊತ್ತು ಆ ಬಾಗಿಲಿಗೆ ಹೋಗದೆ ಇದ್ದುದಿಲ್ಲ. ಈ ವರ್ಷ ಹೋಗಲಿಲ್ಲ. "ಗಾಡೀಲಿ ಕೂರ್ಸ್ಕೊಂಡು ಓಯ್ತೀನಿ, ಬಾರಮ್ಮ" ಎಂದು ಮುನಿರಾಜು ಎರಡು ಮೂರು ಸಲ ಕರೆದ.

"ಓಗಿ ಏನ್ಲಾ ಮಾಡ್ಲಿ? ಎಡಗೈಲಿ ಉಯ್ಯಾದಾ ಅವಳ್ಗೆ? ಅದ್ಕಿಂತ ನಾನು ಸತ್ತೋದೆ ಅಂತ ಏಳ್ಕಳಿಸು, ಅವಳ್ಗೂ ಸಮಾಧಾನ ಆಯ್ತದೆ."

ಇಂಥ ತಾಯಿಯ ಜೊತೆ ವಾದ ಮಾಡಿ ಗೆದ್ದವರುಂಟೆ? ಮುನಿರಾಜು ಬೆಳಗ್ಗೆ ಡೈರಿಗೆ ಹಾಲು ಹಾಕಿ, ಬಂಗಾರಪೇಟೆಗೆ ಹೋಗಿ ಒಂದು ವರ್ಕ್‌ಶಾಪಿನಲ್ಲಿ ದುಡಿದು ಬರುವವನು. ಅಲ್ಲಿ ಯಾರೋ ಹೇಳಿದರು: ರಾಬರ್ಟ್‌ಸನ್‌ಪೇಟೆಯ ಆಸ್ಪತ್ರೆಯೊಂದಕ್ಕೆ ಬೆಂಗಳೂರಿನ ಸಂಶೋಧಕರು ಬಂದಿದ್ದಾರೆ, ಕೈಕಾಲು ಬಿದ್ದವರಿಗೆ ಕನ್ನಡಕ ಹಾಕಿ ಆಟ ಆಡಿಸುತ್ತಾರೆ, ಕಾಸು ಕೇಳುವುದಿಲ್ಲ. ಕೈ ಬಿದ್ದವರಿಗೆ ಕನ್ನಡಕವಾದರೂ ಯಾಕೆ ಎಂದು ಅವನಿಗೆ ತಿಳಿಯಲಿಲ್ಲ. ಆದರೂ ಒಂದು ಸೋಮವಾರ ತಾಯಿಯನ್ನು ಗಾಡಿಯ ಹಿಂದೆ ಕೂರಿಸಿ, ಬೀಳದಂತೆ ತನ್ನ ಸೊಂಟಕ್ಕೆ ಟವೆಲ್ಲಿನಿಂದ ಕಟ್ಟಿಕೊಂಡು ಕರೆತಂದ.

ಅಲ್ಲಿದ್ದವಳು ಜ್ಯೋತ್ಸ್ನಾ. ಅಪ್ಪ ಧಾರವಾಡದ ಕಡೆಯಿಂದ ಇಲ್ಲಿನ ಕಾರ್ಖಾನೆಗೆ ಬಂದವರು. ಅವಳು ಹುಟ್ಟಿ ಬೆಳೆದದ್ದು ಕೆಜಿಎಫ್‌ನ ಕ್ವಾರ್ಟರ್ಸಿನಲ್ಲೇ. ಫಿಸಿಯೋಥೆರಪಿ ಓದಿ ಈಗ ಈ ಅಧ್ಯಯನದಲ್ಲಿ ಕೆಲಸ. ಶಾಲೆಯ ಕನ್ನಡ ಮಾತಾಡುತ್ತಾಳೆ, ಗಾಬರಿಯಾದರೆ ಮಾತ್ರ ಮನೆಯ ಧಾರವಾಡ ಹೊರಗೆ ಬರುತ್ತದೆ.

ಮೊದಲ ದಿನ ಪೆಟ್ಟಿಗೆಯಂಥ ಕನ್ನಡಕವನ್ನು ಅಶ್ವತ್ಥಮ್ಮನ ತಲೆಗೆ ಕಟ್ಟಿದಳು. ಬಲಗೈಗೆ ಒಂದು ಹಿಡಿ ಕಟ್ಟಿದಳು. ಕನ್ನಡಕದೊಳಗೆ ಹಸಿರು ಬೆಟ್ಟ, ಸಾಲು ಸೇಬಿನ ಮರ. ಹೊರಗೆ ಕೈ ಎತ್ತಿದರೆ ಒಳಗೂ ಒಂದು ಕೈ ಏಳುತ್ತದೆ. ಹಣ್ಣು ಕಿತ್ತು ಬುಟ್ಟಿಗೆ ಹಾಕಬೇಕು. ಅಶ್ವತ್ಥಮ್ಮ ಒಂದು ಹಣ್ಣು ಕಿತ್ತು ಕೈ ಇಳಿಸಿಬಿಟ್ಟಳು.

"ಯಾಕಜ್ಜಿ, ಸುಸ್ತಾಯ್ತಾ?"

"ಸುಸ್ತಲ್ಲ ಕಣಮ್ಮ. ಯಾರ ತೋಟನೋ ಏನೋ. ಕೇಳ್ದೆ ಎಂಗೆ ಕೀಳಾದು?"

ಜ್ಯೋತ್ಸ್ನಾ ನಕ್ಕಳು. ನಕ್ಕರೂ ಆ ಮಾತನ್ನು ಬಿಡಲಿಲ್ಲ. ಕನ್ನಡಕ ಬಿಚ್ಚಿ, ಎದುರಿಗೆ ಸ್ಟೂಲು ಎಳೆದುಕೊಂಡು ಕೂತಳು. "ನಿಮ್ಮ ಕೈಯಲ್ಲಿ ಏನೂ ಕೆಟ್ಟಿಲ್ಲ ಅಜ್ಜಿ. ತಲೆಯಿಂದ ಕೈಗೆ ಬರೋ ದಾರಿ ಮುಚ್ಚಿಹೋಗಿದೆ. ಮಿದುಳು ಸುತ್ತು ಹಾಕಿ ಇನ್ನೊಂದು ದಾರಿ ಹುಡುಕಬೇಕು. ಅದಕ್ಕೆ ಒಂದೇ ಕೆಲಸ ಸಾವಿರ ಸಲ ಮಾಡಬೇಕು, ಬೇಜಾರಾಗಬಾರದು. ಅದಕ್ಕೇ ಈ ಕನ್ನಡಕ. ಮೊದಲು ಎಲ್ಲರಿಗೂ ಒಂದೇ ಆಟ ಕೊಡ್ತಿದ್ರು. ಈಗ ಸಂಶೋಧನೆ ಬೇರೆ ಕಡೆ ತಿರುಗಿದೆ. ಅವರವರು ಬದುಕಿನಲ್ಲಿ ಮಾಡಿದ ಕೆಲಸವನ್ನೇ, ಅವರವರು ಓಡಾಡಿದ ಜಾಗವನ್ನೇ ಒಳಗೆ ಕಟ್ಟಿಕೊಟ್ಟರೆ ಕೈ ಬೇಗ ಬರುತ್ತಾ ಅಂತ ನೋಡ್ತಿದ್ದೇವೆ. ನೀವು ಈ ಕೈಯಲ್ಲಿ ಏನು ಕೆಲಸ ಮಾಡ್ತಿದ್ರಿ?"

ಈ ಪ್ರಶ್ನೆಯನ್ನು ಅಶ್ವತ್ಥಮ್ಮನಿಗೆ ಈವರೆಗೆ ಯಾರೂ ಕೇಳಿರಲಿಲ್ಲ. ಕೇಳಿದ್ದೇ ತಡ, ಕಟ್ಟೆ ಒಡೆಯಿತು. ಊರಿಗಾಂ ಲೈನಿನ ಬಿದಿರು ತಟ್ಟಿಯ ಗೋಡೆಗಳು, ತಗಡಿನ ಸೂರು, ನಲ್ಲಿಯ ಮುಂದೆ ಸಾಲುಗಟ್ಟಿದ ಕೊಡಗಳು, ಮೂರು ಭಾಷೆಯಲ್ಲಿ ನಡೆಯುತ್ತಿದ್ದ ಜಗಳಗಳು. ಬೆಳಗಿನ ಬಸ್ಸಿಗೆ ಇವಳು ಸಿಂಬೆ ಸುತ್ತಿ ಗಡಿಗೆ ಹೊತ್ತು ಬಂದು, ಲೈನಿನ ತುದಿಯಲ್ಲಿ ನಿಂತು "ತಯಿರೂ" ಎಂದು ತಮಿಳಿನಲ್ಲಿ ಕೂಗಿದರೆ ಬಾಗಿಲುಗಳು ಒಂದೊಂದಾಗಿ ತೆರೆಯುತ್ತಿದ್ದವು. ರಾತ್ರಿ ಪಾಳಿ ಮುಗಿಸಿದ ಗಂಡಸರು ಅದೇ ಹೊತ್ತಿಗೆ ಬರುತ್ತಿದ್ದರು, ರೆಪ್ಪೆಯ ಮೇಲೂ ಕಲ್ಲಿನ ಧೂಳು. ಅವರ ತಟ್ಟೆಗೆ ಹಳೆಯ ಅನ್ನ, ಅದಕ್ಕೆ ಇವಳ ಮೊಸರು. ಜ್ಯೋತ್ಸ್ನಾ ಫೋನಿನಲ್ಲಿ ಎಲ್ಲವನ್ನೂ ಧ್ವನಿಮುದ್ರಿಸಿಕೊಂಡಳು. ಬಿಡುವಿನ ದಿನ ಊರಿಗಾಂಗೆ ಹೋಗಿ ಉಳಿದಿರುವ ಮನೆಗಳ ಚಿತ್ರ ತೆಗೆದು ಬೆಂಗಳೂರಿಗೆ ಕಳಿಸಿದಳು.

ಕೆಲವು ವಾರಗಳಲ್ಲಿ ಊರಿಗಾಂ ಕನ್ನಡಕದೊಳಗೆ ಬಂತು. ಅಶ್ವತ್ಥಮ್ಮ ಅತ್ತ ಇತ್ತ ತಿರುಗಿ ನೋಡಿದಳು. ಮನೆಗಳು ಸರಿಯಾಗಿದ್ದವು. ಹಿಂದೆ ಚಿನ್ನ ತೆಗೆದು ಉಳಿದ ಪುಡಿಮಣ್ಣಿನ ಸೈನೈಡ್ ದಿಬ್ಬವೂ ಸರಿಯಾಗಿತ್ತು. ಆಮೇಲೆ ತಲೆ ಎತ್ತಿದಳು. ಸೂರುಗಳ ಮೇಲೆ, ಆಳುಗಳನ್ನು ಕೆಳಗಿಳಿಸಿ ಮೇಲೆತ್ತುವ ಗಣಿಬಾಯಿಯ ಎತ್ತರದ ಚಕ್ರ ಕಾಣುತ್ತಿತ್ತು.

"ಇದು ಊರಿಗಾಂ ಅಲ್ಲ ಕಣಮ್ಮ. ಚಕ್ರ ನಿಂತೋಗದೆ. ಚಕ್ರ ನಿಂತ್ಮೇಲೆ ಯಾರಮ್ಮ ಮೊಸರು ತಕ್ಕೋತಾರೆ?"

ಚಿತ್ರ ತೆಗೆದದ್ದು ಈಗ, ಚಕ್ರ ನಿಂತು ಎಷ್ಟೋ ಕಾಲವಾಗಿದೆ ಎಂದು ಜ್ಯೋತ್ಸ್ನಾ ಹೇಳಲಿಲ್ಲ. ಮುಂದಿನ ಸಲ ಬಂದಾಗ ಚಕ್ರ ತಿರುಗುತ್ತಿತ್ತು. ಸಣ್ಣಗೆ ಗಿರ್ರೆಂಬ ಸದ್ದೂ ಇತ್ತು. ಅಶ್ವತ್ಥಮ್ಮ ಚಕ್ರವನ್ನೇ ನೋಡಿದಳು. ಕನ್ನಡಕದ ಕೆಳಗಿನಿಂದ ನೀರು ಕೆನ್ನೆಗೆ ಇಳಿಯಿತು. ಆಮೇಲೆ ಆಸ್ಪತ್ರೆಯ ಕೋಣೆಯಲ್ಲಿ ಕುರ್ಚಿಯ ಮೇಲೆ ಕೂತೇ, ದನಿ ಎತ್ತರಿಸಿ "ತಯಿರೂ" ಎಂದು ಕೂಗಿದಳು. ಹೊರಗೆ ಸರದಿಯಲ್ಲಿ ಕೂತಿದ್ದವರು ಎದ್ದು ನಿಂತರು.

ಒಳಗಿನ ಆಟ ಇಷ್ಟೇ. ಪಾವನ್ನು ಗಡಿಗೆಯಲ್ಲಿ ಅದ್ದಿ ಎತ್ತಬೇಕು, ಬಾಗಿಲಲ್ಲಿ ಚಾಚಿದ ಪಾತ್ರೆಗೆ ಹುಯ್ಯಬೇಕು. ಪಾತ್ರೆಯೊಳಗೆ ಒಂದು ಗೆರೆ. ಗೆರೆಗೆ ಸರಿಯಾಗಿ ನಿಂತರೆ ಹಸಿರು ದೀಪ. ದಾಟಿದರೆ ಕೆಂಪು ದೀಪ, ಜೊತೆಗೆ ಠಣ್ ಅಂತ ಒಂದು ಸದ್ದು. ಬಾಗಿಲಲ್ಲಿ ಮುಖಗಳಿರಲಿಲ್ಲ, ಪಾತ್ರೆ ಹಿಡಿದ ಕೈಗಳು ಮಾತ್ರ. ಮುಖಗಳನ್ನು ಅಶ್ವತ್ಥಮ್ಮ ತಾನೇ ಇಟ್ಟುಕೊಂಡಳು. ಇದು ಕೋಲಾರದಿಂದ ಬಂದ ಬಾಣಂತಿ, ಇದು ತೆಲುಗಿನ ಮುದುಕಿ, ಇದು ಸದಾ ಹುಳಿ ಅನ್ನುವವಳು. ಕೊನೆಯ ನೀಲಿ ಬಾಗಿಲಲ್ಲಿ ಕುಪ್ಪಮ್ಮಾಳ್.

ದಿನ ಬಿಟ್ಟು ದಿನ ಬಂದಳು. ಎದೆಯ ತನಕ ಏಳುತ್ತಿದ್ದ ಕೈ ಭುಜಕ್ಕೆ ಬಂತು. ಬೆರಳುಗಳು ಬಿಚ್ಚಿಕೊಂಡವು. ಮುನಿರಾಜು ಹಿಗ್ಗಿದ. ಆದರೆ ಜ್ಯೋತ್ಸ್ನಾಳ ಮುಖ ವಾರದಿಂದ ವಾರಕ್ಕೆ ಸಣ್ಣಗಾಗುತ್ತಿತ್ತು. ಅಧ್ಯಯನದ ನಡುವೆ ಒಂದು ಪರೀಕ್ಷೆ ಇತ್ತು. ಅದರಲ್ಲಿ ಕೈಯ ಹಿಡಿತ ಸುಧಾರಿಸದವರನ್ನು ಮಾಮೂಲಿ ವ್ಯಾಯಾಮಕ್ಕೆ ಕಳಿಸಿ, ಕಾಯುತ್ತಿರುವ ಇನ್ನೊಬ್ಬರಿಗೆ ಕನ್ನಡಕ ಕೊಡಬೇಕು. ಅಶ್ವತ್ಥಮ್ಮನಿಗೆ ಎಲ್ಲ ಬಾಗಿಲಲ್ಲೂ ಕೆಂಪು ದೀಪ. ಅಧ್ಯಯನದ ಮುಖ್ಯಸ್ಥ ಡಾಕ್ಟರ್ ಶ್ರೀನಿವಾಸಪ್ಪನವರು ಮಾರಿಕುಪ್ಪಂ ರೈಲಿನಲ್ಲಿ ಬಂದು ಪರದೆಯ ಮೇಲಿನ ಗೆರೆಗಳನ್ನು ನೋಡಿ ಜ್ಯೋತ್ಸ್ನಾಳಿಗೆ ಕನಿಕರದಿಂದಲೇ ಹೇಳಿದರು: "ಕೈ ಏಳ್ತಿದೆ, ಆದರೆ ತಡೆದು ನಿಲ್ಲಿಸೋ ಹಿಡಿತ ಬಂದಿಲ್ಲಮ್ಮ. ನೋಡಿ, ಗೆರೆಗೆ ನಿಂತ ಕೈ ಮತ್ತೆ ತಾನಾಗಿ ಬಗ್ಗುತ್ತಿದೆ. ಪ್ರತಿ ಸಲವೂ. ಶುಕ್ರವಾರದ ಪರೀಕ್ಷೆಯಲ್ಲೂ ಹೀಗೇ ಆದರೆ ನಿಲ್ಲಿಸಬೇಕಾಗುತ್ತೆ."

ಅವರು ಹೋದ ಮೇಲೆ ಜ್ಯೋತ್ಸ್ನಾ ಮೆಲ್ಲಗೆ ಅಶ್ವತ್ಥಮ್ಮನಿಗೆ ವಿಷಯ ತಿಳಿಸಿದಳು.

"ಕೆಂಪು ಬರ್ಬಾರ್ದಾ? ನಾನು ಕುಂಕುಮದ ಬಣ್ಣ, ಸುಭ ಅಂದ್ಕೊಂಡಿದ್ನಲ್ಲಮ್ಮ! ಗಂಟೆ ಬೇರೆ ಒಡೀತದೆ. ದೇವಸ್ಥಾನದಾಗೆ ಒಡೀದಂಗೆ."

"ಅಯ್ಯ ಅಜ್ಜಿ, ಹಂಗಲ್ರೀ! ಗೆರಿ ದಾಟಿದ್ರ ತಪ್ಪು ಅಂತ ಅದು. ಗೆರೆಗೆ ನಿಂತ ಕೈ ಮತ್ತೆ ಯಾಕೆ ಬಗ್ಗುತ್ತೆ? ನಿಮಗೆ ಗೊತ್ತಾಗುತ್ತಾ ಅದು ಬಗ್ಗೋದು?"

"ಗೊತ್ತಾಗ್ದೇ ಏನು? ನಾನೇ ಬಗ್ಸಾದು. ಕೊಸರು ಬ್ಯಾಡ್ವಾ?"

ಕೊಸರು ಅಂದರೆ ಅಳತೆ ಮುಗಿದ ಮೇಲೆ ಪ್ರೀತಿಗೆ ಹಾಕುವ ಇನ್ನಷ್ಟು. ಕನ್ನಡ, ತಮಿಳು, ತೆಲುಗು ಮೂರರಲ್ಲೂ ಹೆಚ್ಚುಕಡಿಮೆ ಅದೇ ಮಾತು. ಲೈನಿನಲ್ಲಿ ಬೇರೆ ಯಾವ ಮಾತಿಗೆ ಜಗಳವಾದರೂ ಈ ಮಾತು ಎಲ್ಲರಿಗೂ ತಿಳಿಯುತ್ತಿತ್ತು. ಕೊಸರು ಹಾಕದ ಮೊಸರಿನವಳು ಎರಡನೆಯ ದಿನ ಆ ದಾರಿಯಲ್ಲಿ ಬರುವಂತಿರಲಿಲ್ಲ. "ಅಳತೆಗೆ ಸರಿಯಾಗಿ ಉಯ್ದು ಕೈ ಒರೆಸ್ಕೊಳ್ಳಾಕೆ ನಾನೇನು ಡೈರಿ ಮಿಸಿನ್ನಾ?" ಎಂದಳು ಅಶ್ವತ್ಥಮ್ಮ. ನನ್ನನ್ನು ಕೇಳಿದರೆ ನ್ಯಾಯವೇ. ಕೈಗೆ ಬುದ್ಧಿ ಬಂದಿತ್ತು. ಯಂತ್ರವೇ ಎಂಜಲು ಕೈಯಲ್ಲಿ ಕಾಗೆ ಓಡಿಸದ ಜಿಪುಣ.

ಜ್ಯೋತ್ಸ್ನಾ ನಗಬೇಕೋ ಅಳಬೇಕೋ ತಿಳಿಯದೆ ಅವಳ ಬಲಗೈ ಹಿಡಿದುಕೊಂಡಳು. "ಅಜ್ಜಿ, ಪರೀಕ್ಷೆಯ ಗೆರೆ ಎಲ್ಲರಿಗೂ ಒಂದೇ. ನಿಮಗೊಬ್ಬರಿಗೆ ನಾನು ಬದಲಾಯಿಸಿದರೆ ಬೇರೆಯವರಿಗೆ ಮೋಸ. ಶುಕ್ರವಾರ ಒಂದು ದಿನ ಕೊಸರು ಹಾಕಬೇಡಿ. ಅದು ನಿಜವಾದ ಮೊಸರಲ್ಲ, ನಿಜವಾದ ಜನ ಅಲ್ಲ."

"ಊಂ" ಎಂದಳು ಅಶ್ವತ್ಥಮ್ಮ. ಹೇಳುವುದು ಸುಲಭ. ಶುಕ್ರವಾರದವರೆಗಿನ ಎರಡು ದಿನ ಅವಳಿಗೆ ಅನ್ನ ಸೇರಲಿಲ್ಲ. ಕೊಸರು ನಿಲ್ಲಿಸದಿದ್ದರೆ ಕನ್ನಡಕ ಹೋಗುತ್ತದೆ, ಕನ್ನಡಕ ಹೋದರೆ ಕೈ ಇಷ್ಟಕ್ಕೇ ನಿಲ್ಲುತ್ತದೆ, ಕುಪ್ಪಮ್ಮಾಳ್‌ನ ನಿಜವಾದ ಬಾಗಿಲಿಗೆ ಇನ್ನು ಹೋದ ಹಾಗೇ. ಅವಳಿಗೆ ಕೊಡುವುದಕ್ಕೋಸ್ಕರ ಅವಳ ಬಾಗಿಲಲ್ಲೇ ಕೊಡದೆ ಬರಬೇಕು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅನ್ನುವ ಹಾಗಾಯಿತು.

ಶುಕ್ರವಾರ ಬಂತು. ಕನ್ನಡಕದೊಳಗೆ ಚಕ್ರ ತಿರುಗಿತು. ಮೊದಲ ಬಾಗಿಲಲ್ಲಿ ಅಶ್ವತ್ಥಮ್ಮ ಗೆರೆಗೆ ಹುಯ್ದು ಕೈ ನಿಲ್ಲಿಸಿದಳು. ಕೈ ನಡುಗಿತು, ಆದರೆ ನಿಂತಿತು. ಹಸಿರು. "ನಾಳೆ ಆಕ್ತೀನಿ ಕಣವ್ವ, ಇವತ್ತೊಂದಿನ ಒಟ್ಟೇಗಾಕ್ಕೋ" ಎಂದು ಕಾಣದ ಬಾಣಂತಿಗೆ ಗೊಣಗಿದಳು. ಎರಡನೆಯ ಬಾಗಿಲು ಹಸಿರು. ಸದಾ ಹುಳಿ ಅನ್ನುವವಳಿಗೆ ಕೊಸರು ತಪ್ಪಿಸಿದ್ದಕ್ಕೆ ಅಶ್ವತ್ಥಮ್ಮನಿಗೆ ಬೇಜಾರೇನೂ ಆದಂತೆ ಕಾಣಲಿಲ್ಲ. ಬಾಗಿಲಿಂದ ಬಾಗಿಲಿಗೆ ಹಸಿರಾಗುತ್ತ ಬಂದು ನೀಲಿ ಬಾಗಿಲು ಬಂತು.

ಆ ಬಾಗಿಲಲ್ಲಿ ಒಂದು ಕಾಲದಲ್ಲಿ ದಿನವೂ ಜಗಳ. ಕುಪ್ಪಮ್ಮಾಳ್ ಪಾತ್ರೆ ಹಿಂದಕ್ಕೆ ತೆಗೆಯುತ್ತಲೇ ಇರಲಿಲ್ಲ. "ಕೊಸುರು ಎಂಗಡೀ?" ಕೊಸರು ಎಲ್ಲೇ? "ಆಕಿದ್ನಲ್ಲೇ, ಕಣ್ಣಿಲ್ವಾ?" "ಇದು ಕೊಸರಾ? ಇದು ಇರುವೆಗೆ." ಇನ್ನಷ್ಟು ಬೀಳುವ ತನಕ ಪಾತ್ರೆ ಅಲ್ಲೇ. ಒಂದು ದಿನ ಪಾಳಿಯ ಹೊತ್ತಲ್ಲದ ಹೊತ್ತಿನಲ್ಲಿ ಸೈರನ್ ಕೂಗಿತು. ಲೈನಿನ ಹೆಂಗಸರೆಲ್ಲ ಗಣಿಬಾಯಿಗೆ ಓಡಿದರು. ಗಡಿಗೆಯನ್ನು ನಲ್ಲಿಯ ಹತ್ತಿರ ಬಿಟ್ಟು ಅಶ್ವತ್ಥಮ್ಮನೂ ಓಡಿದಳು. ಕೆಳಗೆ ಬಂಡೆ ಸಿಡಿದಿತ್ತು. ಕುಪ್ಪಮ್ಮಾಳ್‌ನ ಗಂಡ ಅಲ್ಲಿ ಮರದ ಆಸರೆ ಕಟ್ಟುವ ಕೆಲಸದವನು. ಮೇಲೆ ಬಂದದ್ದು ಹೆಣ.

ಕರ್ಮ ಮುಗಿದ ಮೇಲೆ ಅಶ್ವತ್ಥಮ್ಮ ಆ ಬಾಗಿಲಿಗೆ ಹೋದಾಗ ಕುಪ್ಪಮ್ಮಾಳ್ ಪಾತ್ರೆ ಚಾಚಿದಳು. ಪಾವು ಬಿದ್ದಿತು. ಅವಳು ಏನೂ ಕೇಳದೆ ಪಾತ್ರೆ ಹಿಂದಕ್ಕೆ ತೆಗೆದಳು. ಅಶ್ವತ್ಥಮ್ಮನಿಗೆ ತಡೆಯಲಾಗಲಿಲ್ಲ. ಪಾತ್ರೆಯನ್ನು ಎಳೆದು ಹಿಡಿದು, ಕೊಸರಿನ ಮೇಲೆ ಕೊಸರು, ತುಂಬಿ ಹೊರಗೆ ಚೆಲ್ಲುವ ತನಕ ಹುಯ್ದಳು. ಇಬ್ಬರೂ ಅತ್ತರು. ಆವತ್ತಿನಿಂದ ಇವತ್ತಿನವರೆಗೆ ಕುಪ್ಪಮ್ಮಾಳ್ ಕೊಸರು ಕೇಳಿಲ್ಲ. ಇವಳು ಹಾಕುವುದನ್ನು ಬಿಟ್ಟಿಲ್ಲ.

ಈಗ ಕನ್ನಡಕದೊಳಗೆ ಅದೇ ನೀಲಿ ಬಾಗಿಲು, ಅದೇ ಚಾಚಿದ ಪಾತ್ರೆ, ಒಂದು ಮಾತಿಲ್ಲ. ಅಶ್ವತ್ಥಮ್ಮ ಗೆರೆಗೆ ಹುಯ್ದಳು. ಕೈ ನಿಂತಿತು. ಹಸಿರು ಹತ್ತುವುದರಲ್ಲಿತ್ತು. ಕುಪ್ಪಮ್ಮಾಳ್ ಕೇಳಿದ್ದರೆ ಬೈದು ಸುಮ್ಮನಾಗಬಹುದಿತ್ತು. ಕೇಳದವಳಿಗೆ ಕೊಡದೆ ಹೇಗೆ ಬರುವುದು? ಕೈ ಮತ್ತೆ ಗಡಿಗೆಗೆ ಹೋಯಿತು, ಅದ್ದಿತು, ಎದ್ದಿತು. ಠಣ್ ಅಂತ ಗಂಟೆ ಹೊಡೆಯಿತು.

"ಒಡ್ಕೊಳ್ಳಿ ಬುಡು" ಎಂದಳು ಅಶ್ವತ್ಥಮ್ಮ.

ಒಂದು ಕೆಂಪಿಗೆ ಪರೀಕ್ಷೆ ಕೆಡಲಿಲ್ಲ. ಉಳಿದೆಲ್ಲ ಹಸಿರಾಗಿದ್ದುದರಿಂದ ಕನ್ನಡಕ ಅವಳ ಬಳಿಯೇ ಉಳಿಯಿತು. ಮುಂದಿನ ಅಧ್ಯಯನದಲ್ಲಿ ಗೆರೆ ಎಲ್ಲಿರಬೇಕೆಂದು ರೋಗಿಗಳನ್ನೇ ಕೇಳೋಣ ಎಂದು ಶ್ರೀನಿವಾಸಪ್ಪನವರು ನಗುತ್ತ ಹೇಳಿದರಂತೆ. ಆದರೆ ಜ್ಯೋತ್ಸ್ನಾಳಿಗೆ ಇನ್ನೊಂದು ಚಿಂತೆ ಇತ್ತು, ಅದನ್ನು ಅವಳು ಮುನಿರಾಜುವಿನ ಹತ್ತಿರ ಹೇಳಿದಳು. "ಒಳಗೆ ಬಂದ ಕೈ ಹೊರಗೂ ಬರುತ್ತಾ ಅನ್ನೋದೇ ಈಗ ಎಲ್ಲ ಕಡೆ ಕೇಳ್ತಿರೋ ಪ್ರಶ್ನೆ. ಕೆಲವರು ಕನ್ನಡಕದಲ್ಲಿ ಎಲ್ಲ ಮಾಡ್ತಾರೆ. ಮನೆಗೆ ಹೋಗಿ ಲೋಟ ಹಿಡಿಯೋಕೆ ಆಗಲ್ಲ."

ಮುನಿರಾಜು ಅದನ್ನು ತಾಯಿಗೆ ಹೇಳಲಿಲ್ಲ. ಅವಳು ಕೇಳುವ ಸ್ಥಿತಿಯಲ್ಲೂ ಇರಲಿಲ್ಲ. ಅಧ್ಯಯನ ಮುಗಿದ ವಾರವೇ ಹೆಪ್ಪು ಹಾಕಿ, ಸಣ್ಣ ಗಡಿಗೆಗೆ ಬಾಳೆಲೆ ಕಟ್ಟಿ, ಪೆಟ್ಟಿಗೆಯ ತಳದಿಂದ ಹಳೆಯ ಪಾವು ತೆಗೆದು, ಜಗಲಿಯ ಮೇಲೆ ಸಿದ್ಧಳಾಗಿ ಕೂತಿದ್ದಳು. "ಏಳ್ಲಾ, ಊರಿಗಾಂಗೆ ಓಗಾನ."

ಲೈನಿನಲ್ಲಿ ಈಗ ಅರ್ಧ ಬಾಗಿಲಿಗೆ ಬೀಗ. ನಲ್ಲಿಯ ಹತ್ತಿರ ಯಾರೂ ಇರಲಿಲ್ಲ. ಅಶ್ವತ್ಥಮ್ಮ ಗಾಡಿಯಿಂದಿಳಿದವಳೇ ಅಭ್ಯಾಸಬಲದಿಂದ ತಲೆ ಎತ್ತಿದಳು. ಸೂರುಗಳ ಮೇಲೆ ಚಕ್ರ ನಿಂತಿತ್ತು. ಅಷ್ಟು ದಿನ ತಿರುಗುವುದನ್ನು ನೋಡಿ ಬಂದವಳಿಗೆ ಗಣಿ ಇವತ್ತೇ ಮುಚ್ಚಿದಷ್ಟು ಸಂಕಟವಾಯಿತು. ಕೂಗಬೇಕೆಂದಿದ್ದ "ತಯಿರೂ" ಹಾಗೇ ಉಳಿಯಿತು. ಸುಮ್ಮನೆ ನಡೆದು ಹೋಗಿ ಬಣ್ಣ ಮಾಸಿದ ನೀಲಿ ಬಾಗಿಲು ತಟ್ಟಿದಳು.

ಕುಪ್ಪಮ್ಮಾಳ್ ಹೊಸ್ತಿಲ ಮೇಲೆ ಕೂತಳು. ಅವಳಿಗೆ ಕಣ್ಣು ಮಂಜಾಗಿತ್ತು. ಇವಳಿಗೆ ಏನಾಗಿತ್ತೆಂದು ಯಾರದೋ ಬಾಯಲ್ಲಿ ಕೇಳಿದ್ದಳು, ಆ ಮಾತೆತ್ತಲಿಲ್ಲ. ಒಳಗಿಂದ ತಂದ ಪಾತ್ರೆಯನ್ನು ಅಂದಾಜಿನಲ್ಲಿ ಮುಂದಕ್ಕೆ ಚಾಚಿದಳು.

ಅಶ್ವತ್ಥಮ್ಮ ಗಡಿಗೆ ಮುಂದಿಟ್ಟುಕೊಂಡು ಎದುರಿಗೆ ಕೂತು, ಎಡಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡಳು. ಬಲಗೈಯಲ್ಲಿ ಪಾವು ಹಿಡಿದು ಅದ್ದಿದಳು. ಇದು ನಿಜವಾದ ಮೊಸರು, ಇದಕ್ಕೆ ಭಾರವಿತ್ತು. ಕೈ ಎದೆಯ ಹತ್ತಿರ ಬಂದು ಹಳೆಯ ಜಾಗದಲ್ಲೇ ನಿಂತುಬಿಟ್ಟಿತು. ಬೆರಳು ಮುದುಡುವುದಕ್ಕೆ ಹೊರಟಿತು. ಮುನಿರಾಜು ಒಂದು ಹೆಜ್ಜೆ ಮುಂದೆ ಬಂದ. ಅಶ್ವತ್ಥಮ್ಮ ಹಲ್ಲು ಕಚ್ಚಿದಳು. ಕೈ ಇನ್ನೊಂದು ಗೇಣು ಎದ್ದಿತು, ಮುಂದಕ್ಕೆ ಹೋಯಿತು, ಬಗ್ಗಿತು. ಸ್ವಲ್ಪ ಹೊಸ್ತಿಲಿಗೆ ಚೆಲ್ಲಿತು. ಉಳಿದದ್ದು ಪಾತ್ರೆಗೆ ಬಿತ್ತು. ಕೈ ಸೋತು ಮಡಿಲಿಗೆ ಇಳಿಯಿತು. ಅವಳ ಹಣೆಯೆಲ್ಲ ಬೆವರು. ಕೊಸರು ಹಾಕುವ ಶಕ್ತಿ ಉಳಿದಿರಲಿಲ್ಲ. ಅದು ಅಶ್ವತ್ಥಮ್ಮನಿಗೇ ಗೊತ್ತಾಯಿತು, ಕಣ್ಣು ತುಂಬಿಕೊಂಡಿತು.

ಕುಪ್ಪಮ್ಮಾಳ್ ಪಾತ್ರೆಯೊಳಗೆ ಬೆರಳಿಟ್ಟು ಮೊಸರು ಎಲ್ಲಿಯವರೆಗಿದೆ ಎಂದು ಮುಟ್ಟಿ ನೋಡಿದಳು. ಇವಳ ಏದುಸಿರು ಅವಳಿಗೆ ಕೇಳುತ್ತಿತ್ತು. ಪಾತ್ರೆಯನ್ನು ಹಿಂದಕ್ಕೆ ತೆಗೆಯಲಿಲ್ಲ. ಇನ್ನಷ್ಟು ಮುಂದಕ್ಕೆ ಚಾಚಿದಳು.

"ಕೊಸುರು ಎಂಗಡೀ?"

ಅಶ್ವತ್ಥಮ್ಮ ತಲೆ ಎತ್ತಿ ಅವಳ ಮುಖ ನೋಡಿದಳು. "ಬಂತು ತಡಿಯೇ, ಅದ್ಯಾಕಂಗೆ ಸಾಯ್ತೀಯ" ಎಂದಳು. ಕೈ ಮತ್ತೆ ಎದ್ದಿತು.